ಕೈ ಹಾಕುವ ಜಾಗ ಉಳಿಸಿಕೊ

ಮಗಳೇ,

ನೀನು ಕಳಿಸಿದ ಕೊಟೇಶನ್ ಓದಿದೆ. ಬೋರ್‌ವೆಲ್ ಮೋಟರಿಗೆ ಮೊಬೈಲ್ ಸ್ಟಾರ್ಟರ್, ಅಡಿಕೆ ತೋಟದ ಒಂದೊಂದು ಲೈನಿಗೂ ಸೊಲೆನಾಯ್ಡ್ ವಾಲ್ವ್, ಮಣ್ಣಿನ ತೇವ ನೋಡುವ ಸೆನ್ಸರ್, ಇವನ್ನೆಲ್ಲ ಆಡಿಸುವ ಕಂಟ್ರೋಲರ್, ಬೆಂಗಳೂರಿಗೆ ಹೋದಾಗಲೂ ನಡೆಸಲು ಒಂದು ಆ್ಯಪ್. ನಿಮ್ಮಪ್ಪ ‘ಇದೆಲ್ಲ ಯಾಕೆ, ಇರೋದೇ ಚೆನ್ನಾಗಿ ನಡೀತಿದೆಯಲ್ಲ’ ಅಂದನಂತೆ. ಮಾರುವವರು ಇದಿಲ್ಲದೆ ತೋಟವೇ ಇಲ್ಲ ಅನ್ನುವಂತೆ ಹೇಳಿದ್ದಾರೆ. ನಡುವೆ ದೊಡ್ಡಪ್ಪನನ್ನೂ ಒಂದು ಮಾತು ಕೇಳೋಣ ಅಂತ ನಿನಗೆ ಅನ್ನಿಸಿದ್ದು ನನಗೆ ತುಂಬ ಸಂತೋಷ. ಡಿಪ್ಲೊಮಾ ಓದಿ ಬಂದು ಗುಬ್ಬಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟವನು, ಅದರಲ್ಲೇ ಬದುಕು ಕಳೆದೆ. ರೈತರ ಮೋಟರು ಯಾಕೆ ಸುಡುತ್ತದೆ, ಯಾವ ಹೊತ್ತಿನಲ್ಲಿ ಸುಡುತ್ತದೆ, ಸುಟ್ಟ ಮೇಲೆ ತೋಟದ ಗತಿ ಏನು ಅನ್ನುವುದೆಲ್ಲ ನನ್ನ ಬೆಂಚಿನ ಮೇಲೆ ಹಾದುಹೋಗಿದೆ. ಅಲ್ಲಿ ಕಂಡದ್ದನ್ನೇ ಹೇಳುತ್ತೇನೆ, ಕೇಳು.

ಮೊದಲು ನಿಮ್ಮಪ್ಪನ ಮಾತು ನಾನು ಒಪ್ಪದ ಕಡೆ ಯಾವುದು ಅಂತ ಹೇಳಿಬಿಡುತ್ತೇನೆ. ಪಂಪ್‌ಸೆಟ್ಟಿಗೆ ಥ್ರೀ ಫೇಸ್ ಕರೆಂಟು ಬರುವುದು ದಿನಕ್ಕೆ ಏಳು ಗಂಟೆ, ಅದೂ ಪಾಳಿಯ ಮೇಲೆ. ರಾತ್ರಿ ಪಾಳಿ ಬಿದ್ದರೆ ಎರಡು ಗಂಟೆಗೋ ಮೂರು ಗಂಟೆಗೋ ಎದ್ದು, ಬ್ಯಾಟರಿ ಹಿಡಿದು, ಒದ್ದೆ ಬದುವಿನ ಮೇಲೆ ಸ್ಟಾರ್ಟರ್ ಡಬ್ಬಿಯವರೆಗೆ ಹೋಗಬೇಕು. ನಮ್ಮ ಕಡೆ ಕರಡಿ, ಚಿರತೆ ಎರಡೂ ಇವೆ. ಹಾವಂತೂ ನೀರು ಹಾಯುವ ಜಾಗವನ್ನೇ ಹುಡುಕಿಕೊಂಡು ಬರುತ್ತದೆ. ಒದ್ದೆ ಕೈಯಲ್ಲಿ ಡಬ್ಬಿಯ ಬಾಗಿಲು ಮುಟ್ಟಿ ಶಾಕ್ ಹೊಡೆದು ಸತ್ತವರ ಮನೆಯವರು, ಕಾರ್ಯ ಮುಗಿಸಿಕೊಂಡು, ಅದೇ ಮೋಟರು ಹೊತ್ತು ಅಂಗಡಿಗೆ ಬಂದದ್ದನ್ನು ನೋಡಿದ್ದೇನೆ. ಆ ಕಷ್ಟವನ್ನು ‘ಹಳೇದೇ ಚೆನ್ನ’ ಅಂತ ಹೊಗಳುವುದು ನನ್ನಿಂದ ಆಗದು. ಮೊಬೈಲ್ ಸ್ಟಾರ್ಟರ್ ಹಾಕಿಸು. ನಿನಗೂ ಬೇಕು, ಮಂಡಿ ನೋವಿನ ನಿಮ್ಮಪ್ಪನಿಗೆ ಇನ್ನೂ ಹೆಚ್ಚಾಗಿ ಬೇಕು.

ಅದರ ಜೊತೆಗೆ ಬರುವ ಇನ್ನೆರಡು ಸಾಮಾನಿಗೂ ದುಡ್ಡು ಹಿಡಿಯಬೇಡ. ಒಂದು, ಸಿಂಗಲ್ ಫೇಸ್ ಪ್ರಿವೆಂಟರ್. ಮೂರು ಫೇಸಿನಲ್ಲಿ ಒಂದು ಹೋದರೂ ಓಡುತ್ತಿರುವ ಮೋಟರು ನಿಲ್ಲುವುದಿಲ್ಲ, ಉಳಿದ ಎರಡರಿಂದಲೇ ಹೆಚ್ಚು ಕರೆಂಟು ಎಳೆದುಕೊಂಡು ಓಡುತ್ತದೆ. ಹೀಗೆ ಸುಟ್ಟ ಮೋಟರನ್ನು ಬಿಚ್ಚಿದ ತಕ್ಷಣ ಗೊತ್ತಾಗುತ್ತದೆ. ಸ್ಟಾರ್ ಕನೆಕ್ಷನ್ನಿನದಾದರೆ ಎರಡು ಫೇಸಿನ ಸುರುಳಿಗಳು ಸುಟ್ಟಿರುತ್ತವೆ, ಮೂರನೆಯದು ನಿನ್ನೆ ಕಟ್ಟಿದ ಹಾಗಿರುತ್ತದೆ. ಆ ಹೊಸದರಂತಿರುವ ಸುರುಳಿ ನೋಡಿದಾಗಲೆಲ್ಲ, ಸಣ್ಣದೊಂದು ಸಾಮಾನು ಇದ್ದಿದ್ದರೆ ಇಡೀ ಮೋಟರು ಹೀಗೇ ಇರುತ್ತಿತ್ತಲ್ಲ ಅಂತ ಹೊಟ್ಟೆ ಉರಿಯುತ್ತಿತ್ತು. ಇನ್ನೊಂದು, ಡ್ರೈ ರನ್ ಪ್ರಿವೆಂಟರ್. ಬೋರಿನಲ್ಲಿ ನೀರು ಇಳಿದು ಪಂಪು ಬರಿದೇ ತಿರುಗಿದರೆ ಮೋಟರು ಎಳೆಯುವ ಕರೆಂಟು ಕಡಿಮೆಯಾಗುತ್ತದೆ. ಅದನ್ನು ಗುರುತಿಸಿ ಇದು ಆಫ್ ಮಾಡುತ್ತದೆ. ಸಾವಿರ ಅಡಿಯ ಬೋರಿನೊಳಗೆ ಏನಾಗುತ್ತಿದೆ ಅಂತ ಮೇಲೆ ನಿಂತ ಮನುಷ್ಯನಿಗೆ ತಿಳಿಯುವುದಿಲ್ಲ. ಸಬ್‌ಮರ್ಸಿಬಲ್ ಮೋಟರಿನ ಒಳಗೂ ನೀರೇ, ಹೊರಗೂ ನೀರೇ. ಸುತ್ತಲಿನ ನೀರು ಹೋಯಿತೆಂದರೆ ತಂತಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಆಮೇಲೆ ಮೋಟರು ಎತ್ತುವವರನ್ನು ಕರೆಸಿ, ಪೈಪು ಒಂದೊಂದೇ ಬಿಚ್ಚಿಸಿ, ಕಟ್ಟಿಸಿ, ಮತ್ತೆ ಬಿಡಿಸಬೇಕು. ಮನುಷ್ಯನ ಕಣ್ಣು ಕಿವಿ ತಲುಪದ ಕಡೆ ಕಾವಲಿಗೆ ಯಂತ್ರ ಇರಲೇಬೇಕು. ಈ ಎರಡರಲ್ಲಿ ನನಗೆ ಎರಡು ಮಾತಿಲ್ಲ.

ಇಲ್ಲಿಗೆ ನಿನ್ನ ಕೊಟೇಶನ್ನಿನ ಕಾಲು ಭಾಗ ಮುಗಿಯಿತು. ಇನ್ನು ಮುಂದಿನದು ಕಾವಲು ಕಾಯುವ ಕೆಲಸ ಬಿಟ್ಟು ನಿರ್ಧಾರ ಮಾಡುವ ಕೆಲಸ: ಯಾವಾಗ ಶುರು, ಯಾವಾಗ ಬಂದ್, ಯಾವ ಸಾಲಿಗೆ ಎಷ್ಟು ನೀರು. ಅಲ್ಲಿ ನಿಧಾನವಾಗಿ ನೋಡಬೇಕು.

ನಮ್ಮ ಊರಿನಲ್ಲೇ ಆದದ್ದನ್ನು ಮೊದಲು ಹೇಳುತ್ತೇನೆ. ಮೊಬೈಲ್ ಸ್ಟಾರ್ಟರಿಗಿಂತ ಮುಂಚೆ ಬಂದದ್ದು ಆಟೋ ಸ್ವಿಚ್ಚು. ಕರೆಂಟು ಬಂದ ಕೂಡಲೇ ಮೋಟರು ತಾನೇ ಹತ್ತಿಕೊಳ್ಳಲಿ ಅಂತ. ಅದು ಬರುವ ಮೊದಲೇ ಜನ ಹಸಿರು ಬಟನ್ನಿಗೆ ಕಡ್ಡಿ ಸಿಕ್ಕಿಸಿ ಒತ್ತಿದ ಹಾಗೇ ನಿಲ್ಲಿಸುವುದನ್ನು ಕಂಡುಕೊಂಡಿದ್ದರು; ಆಟೋ ಸ್ವಿಚ್ಚು ಆ ಕಡ್ಡಿಯ ಕೆಲಸವನ್ನೇ ನೀಟಾಗಿ ಮಾಡಿಕೊಟ್ಟಿತು. ಒಬ್ಬ ಹಾಕಿಸಿದ, ಪಕ್ಕದವನು ಹಾಕಿಸಿದ, ಒಂದು ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಕೆಳಗಿರುವ ಎಲ್ಲರೂ ಹಾಕಿಸಿದರು. ಆಗ ಟಿಸಿ ಸುಡುವುದು ಶುರುವಾಯಿತು.

ಕಾರಣ ಸರಳ. ಸ್ಟಾರ್ಟ್ ಆಗುವ ಕ್ಷಣದಲ್ಲಿ ಮೋಟರು ಮಾಮೂಲಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ವೇಗ ಹಿಡಿದ ಮೇಲೆ ಇಳಿಯುತ್ತದೆ. 63 ಕೆವಿಎ ಟಿಸಿಯೊಂದು 7.5 ಎಚ್‌ಪಿಯ ಮೋಟರುಗಳನ್ನು ಹೊರುವುದೇ ಹೆಚ್ಚೆಂದರೆ ಆರೇಳು. ಅಷ್ಟೂ ಒಂದೇ ಕ್ಷಣಕ್ಕೆ ಎದ್ದರೆ ವೋಲ್ಟೇಜು ಕುಸಿಯುತ್ತದೆ, ವೋಲ್ಟೇಜು ಕುಸಿದರೆ ಯಾವ ಮೋಟರೂ ಬೇಗ ವೇಗ ಹಿಡಿಯುವುದಿಲ್ಲ, ವೇಗ ಹಿಡಿಯುವವರೆಗೆ ಎಲ್ಲವೂ ಆ ಐದಾರು ಪಟ್ಟು ಎಳೆಯುತ್ತಲೇ ನರಳುತ್ತವೆ. ಫ್ಯೂಸು ಹೋಗುತ್ತದೆ. ಬೇಸತ್ತವರು ಯಾರೋ ಫ್ಯೂಸಿನ ಜಾಗಕ್ಕೆ ದಪ್ಪ ತಂತಿ ಕಟ್ಟುತ್ತಾರೆ. ಮುಂದಿನ ಸಲ ಹೋಗುವುದು ಟಿಸಿಯೇ.

ಇದನ್ನು ಬಹಳ ಯೋಚಿಸಿದ್ದೇನೆ. ಮೊದಲೂ ಅದೇ ಟಿಸಿ, ಹೆಚ್ಚುಕಡಿಮೆ ಅವೇ ಮೋಟರುಗಳು. ಏನು ಬದಲಾಯಿತು? ಮೊದಲು ಕರೆಂಟು ಬಂದಾಗ ಒಬ್ಬ ಹಟ್ಟಿಯಿಂದ ಹೊರಡುತ್ತಿದ್ದ, ಒಬ್ಬ ಕಾಫಿ ಕುಡಿದು ಹೊರಡುತ್ತಿದ್ದ, ಮೊಣಕಾಲು ನೋವಿನವರು ನಿಧಾನವಾಗಿ ಬರುತ್ತಿದ್ದರು. ಒಬ್ಬರ ಮೋಟರು ಎದ್ದು ವೇಗ ಹಿಡಿದ ಎಷ್ಟೋ ನಿಮಿಷದ ಮೇಲೆ ಇನ್ನೊಬ್ಬರದು ಏಳುತ್ತಿತ್ತು. ನಾವು ದಂಡ ಅಂದುಕೊಂಡಿದ್ದ ಆ ನಡಿಗೆಯೇ ಟಿಸಿಯನ್ನು ಕಾಪಾಡುತ್ತಿತ್ತು. ನಡಿಗೆ ತೆಗೆದೆವು, ಅದು ಸದ್ದಿಲ್ಲದೆ ಮಾಡುತ್ತಿದ್ದ ಕೆಲಸವೂ ಹೋಯಿತು.

ಆದ್ದರಿಂದ ಯಾವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಮೊದಲೂ, ಆ ಕೆಲಸ ಇನ್ನೇನೇನು ಮಾಡುತ್ತಿತ್ತು ಅಂತ ಒಂದು ವಾರ ಜೊತೆಗೆ ನಿಂತು ನೋಡು. ನಿಮ್ಮಪ್ಪ ಬೆಳಗ್ಗೆ ವಾಲ್ವ್ ತಿರುಗಿಸಲು ಹೋಗುವವನು ವಾಲ್ವ್ ಮಾತ್ರ ತಿರುಗಿಸುತ್ತಾನಾ? ದಾರಿಯಲ್ಲಿ ಪೈಪು ಒಡೆದದ್ದು ಕಾಣುತ್ತಾನೆ, ಇಲಿ ಕಡಿದ ಡ್ರಿಪ್ ಪೈಪು ಕಾಣುತ್ತಾನೆ, ಹಿಂಗಾರ ಒಣಗುತ್ತಿರುವ ಮರ ಕಾಣುತ್ತಾನೆ, ಹರಳು ಉದುರಿದ್ದನ್ನು ಬಗ್ಗಿ ಎತ್ತಿ ನೋಡುತ್ತಾನೆ. ಆ್ಯಪಿನಲ್ಲಿ ‘ಲೈನ್ 3 ಆನ್’ ಅಂತ ಹಸಿರು ದೀಪ ಉರಿದಾಗ ಇದ್ಯಾವುದೂ ಕಾಣುವುದಿಲ್ಲ. ಯಂತ್ರ ಹಾಕಿಸಿದ ಮೇಲೂ ಆ ಸುತ್ತು ಬಿಡಬೇಡ. ರಾತ್ರಿ ಹೋಗುವುದು ತಪ್ಪಲಿ, ಬೆಳಗಿನ ಸುತ್ತು ಉಳಿಯಲಿ.

ಟಿಸಿಗೂ ದಾರಿ ಇದೆ. ಈಗಿನ ಸ್ಟಾರ್ಟರುಗಳಲ್ಲಿ ಕರೆಂಟು ಬಂದ ಎಷ್ಟು ಹೊತ್ತಿನ ಮೇಲೆ ಮೋಟರು ಹತ್ತಬೇಕು ಅಂತ ಇಡುವ ಟೈಮರ್ ಇರುತ್ತದೆ. ಮಾರುವವರು ಅದನ್ನು ಹೇಳುವುದೇ ಇಲ್ಲ, ಫ್ಯಾಕ್ಟರಿಯಿಂದ ಬಂದ ಹಾಗೇ ಬಿಟ್ಟುಹೋಗುತ್ತಾರೆ. ಹಾಗೆ ಬಿಟ್ಟರೆ ಒಂದೇ ಕಂಪನಿಯವೆಲ್ಲ ಒಂದೇ ಹೊತ್ತಿಗೆ ಏಳುತ್ತವೆ. ನಿಮ್ಮ ಟಿಸಿಯ ಕೆಳಗಿರುವವರನ್ನೆಲ್ಲ ಒಂದು ಸಂಜೆ ಕೂರಿಸಿ, ಒಬ್ಬರದು ಎರಡು ನಿಮಿಷಕ್ಕೆ, ಇನ್ನೊಬ್ಬರದು ನಾಲ್ಕಕ್ಕೆ, ಮತ್ತೊಬ್ಬರದು ಆರಕ್ಕೆ ಅಂತ ಹಂಚಿಬಿಡು. ನೀನು ಮಾತಾಡಿದರೆ ಕೇಳುತ್ತಾರೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಏಪ್ರಿಲ್ ತಿಂಗಳಲ್ಲಿ ಟಿಸಿಗಾಗಿ ಕಚೇರಿಗೆ ಅಲೆಯುವುದು ತಪ್ಪುತ್ತದೆ.

ಇನ್ನು ಸೊಲೆನಾಯ್ಡ್ ವಾಲ್ವ್. ಈಗಿರುವ ಬಾಲ್ ವಾಲ್ವ್ ನೋಡು. ಹಿಡಿಕೆ ಪೈಪಿನ ಉದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡಕ್ಕೆ ಇದ್ದರೆ ಮುಚ್ಚಿದೆ. ತೋಟದ ಆ ತುದಿಯಲ್ಲಿ ನಿಂತರೂ ಗೊತ್ತಾಗುತ್ತದೆ, ಕತ್ತಲಲ್ಲಿ ಕೈಯಾಡಿಸಿದರೂ ಗೊತ್ತಾಗುತ್ತದೆ. ಶಾಲೆಗೆ ಹೋಗುವ ಮಗುವೂ ಹೇಳುತ್ತದೆ. ಸೊಲೆನಾಯ್ಡ್ ವಾಲ್ವ್ ಹೊರಗಿನಿಂದ ಎರಡೂ ಸ್ಥಿತಿಯಲ್ಲಿ ಒಂದೇ ಥರ ಕಾಣುತ್ತದೆ. ಒಳಗೆ ರಬ್ಬರಿನ ಡಯಾಫ್ರಮ್ ಇದೆ, ಅದನ್ನು ಆಡಿಸಲು ನೀರು ಹಾದುಹೋಗುವ ಸಣ್ಣ ತೂತಿದೆ. ನಮ್ಮ ಬೋರಿನ ನೀರಿನಲ್ಲಿ ಸುಣ್ಣದ ಅಂಶ, ಮರಳು ಎರಡೂ ಇರುವುದರಿಂದ ಆ ತೂತು ಕಟ್ಟಿಕೊಳ್ಳುತ್ತದೆ. ಆಗ ಆ್ಯಪು ಬಂದ್ ಅನ್ನುತ್ತದೆ, ನೀರು ಹೋಗುತ್ತಲೇ ಇರುತ್ತದೆ. ಅಥವಾ ಆನ್ ಅನ್ನುತ್ತದೆ, ಒಂದು ಹನಿ ಬರುವುದಿಲ್ಲ.

ಸ್ಥಿತಿ ಕಣ್ಣಿಗೆ ಕಾಣುವುದು ಸಣ್ಣ ವಿಷಯ ಅಂದುಕೊಳ್ಳಬೇಡ. 2017ರ ಆಗಸ್ಟಿನಲ್ಲಿ ಸಿಂಗಪುರದ ಹತ್ತಿರ ಅಮೆರಿಕ ನೌಕಾಪಡೆಯ ಜಾನ್ ಎಸ್. ಮೆಕೇನ್ ಅನ್ನುವ ಯುದ್ಧನೌಕೆಗೂ ಒಂದು ಟ್ಯಾಂಕರ್ ಹಡಗಿಗೂ ಡಿಕ್ಕಿಯಾಗಿ 10 ಮಂದಿ ನಾವಿಕರು ಸತ್ತರು. ಆ ನೌಕೆಯಲ್ಲಿ ಚುಕ್ಕಾಣಿ, ವೇಗ ಎರಡನ್ನೂ ಟಚ್‌ಸ್ಕ್ರೀನಿಗೆ ಹಾಕಿದ್ದರು. ಚುಕ್ಕಾಣಿಯ ಹಿಡಿತ ಒಂದು ಪರದೆಯಿಂದ ಪಕ್ಕದ ಪರದೆಗೆ ಹೋಗಿತ್ತು; ಹಿಡಿದು ಕೂತವನು ಚುಕ್ಕಾಣಿಯೇ ಕೆಟ್ಟಿತು ಅಂದುಕೊಂಡ. ವೇಗ ಇಳಿಸಲು ಹೋದರೆ ಎರಡು ಪ್ರೊಪೆಲರಿನಲ್ಲಿ ಒಂದರದು ಮಾತ್ರ ಇಳಿದು ಹಡಗು ಓರೆಯಾಗಿ ಹೊರಳಿತು. ಏನೂ ಕೆಟ್ಟಿರಲಿಲ್ಲ. ಯಾವುದು ಯಾವ ಸ್ಥಿತಿಯಲ್ಲಿದೆ ಅನ್ನುವುದು ಅಲ್ಲಿದ್ದವರ ಕಣ್ಣಿಗೆ, ಕೈಗೆ ತಿಳಿಯದೆ ಹೋಯಿತು ಅಷ್ಟೆ. ಎರಡು ವರ್ಷದ ನಂತರ ನೌಕಾಪಡೆ, ಕೈಯಲ್ಲಿ ಹಿಡಿದು ಸರಿಸುವ ಹಿಡಿಕೆಗಳನ್ನೇ ಮತ್ತೆ ಹಾಕುತ್ತೇವೆ ಅಂತ ತೀರ್ಮಾನಿಸಿತು; ನಾವಿಕರು ಕೇಳಿದ್ದೂ ಅದನ್ನೇ. ಅಷ್ಟು ದುಡ್ಡು, ಅಷ್ಟು ವಿದ್ಯೆ ಇರುವವರೇ ಹೀಗೆ ವಾಪಸ್ಸು ಬಂದಿದ್ದಾರೆ.

ಅದಕ್ಕೆ ನನ್ನ ಮಾತು ಇಷ್ಟು: ಸೊಲೆನಾಯ್ಡ್ ಹಾಕಿಸು, ಆದರೆ ಪ್ರತಿಯೊಂದಕ್ಕೂ ಪಕ್ಕದಲ್ಲಿ ಒಂದು ಬೈಪಾಸ್ ಲೈನು, ಅದಕ್ಕೊಂದು ಬಾಲ್ ವಾಲ್ವ್ ಇರಲಿ. ಪ್ಲಂಬರ್ ‘ಇದು ದಂಡ’ ಅನ್ನುತ್ತಾನೆ. ಹಾಕಿಸು. ಕೈಯಲ್ಲಿ ತೆರೆಯುವ ಬ್ಲೀಡ್ ಸ್ಕ್ರೂ ಇರುವ ವಾಲ್ವನ್ನೇ ಆರಿಸು, ಆ ಸ್ಕ್ರೂ ಎಲ್ಲಿದೆ ಅಂತ ನಿಮ್ಮಪ್ಪನಿಗೂ ತೋಟದ ಆಳಿಗೂ ತೋರಿಸಿಕೊಡು. ಹಾಗೇ ಮೊಬೈಲ್ ಸ್ಟಾರ್ಟರ್ ಬಂತು ಅಂತ ಹಳೆಯ ಸ್ಟಾರ್ಟರ್ ಕಿತ್ತುಹಾಕಿಸಬೇಡ. ನಡುವೆ ಒಂದು ಚೇಂಜ್ ಓವರ್ ಸ್ವಿಚ್ಚು ಕೊಟ್ಟು ಎರಡನ್ನೂ ಇಟ್ಟುಕೊ. ಸಿಮ್ಮಿಗೆ ರೀಚಾರ್ಜ್ ಮುಗಿದಿರಬಹುದು, ಟವರ್ ಬಿದ್ದಿರಬಹುದು, ಮಿಂಚಿಗೆ ಬೋರ್ಡು ಹೋಗಿರಬಹುದು. ಸ್ವಿಚ್ಚು ಆ ಕಡೆ ತಿರುಗಿಸಿ ಹಸಿರು ಬಟನ್ ಒತ್ತಿದರೆ ನೀರು ಬರಬೇಕು. ಹಳೆಯ ಸ್ಟಾರ್ಟರಿನಲ್ಲಿ ಕೆಡುವುದು ಮೂರೇ: ಕಾಯಿಲ್ ಸುಡುತ್ತದೆ, ಕಾಂಟ್ಯಾಕ್ಟ್ ಪಾಯಿಂಟು ಕರಕಾಗುತ್ತದೆ, ರಿಲೇ ಟ್ರಿಪ್ ಆಗುತ್ತದೆ. ಒಂದು ಕಾಯಿಲ್, ಒಂದು ಸೆಟ್ ಪಾಯಿಂಟು ತಂದು ಮನೆಯಲ್ಲಿಡು. ಮೇನ್ ಆಫ್ ಮಾಡಿ, ಟೆಸ್ಟ್ ಲ್ಯಾಂಪ್ ಹಿಡಿದು ಮೂರು ಫೇಸೂ ಸತ್ತಿವೆ ಅಂತ ಖಾತ್ರಿಯಾದ ಮೇಲೆ ಬದಲಾಯಿಸುವುದನ್ನು ನಾನೇ ಹೇಳಿಕೊಡುತ್ತೇನೆ. ನೀನು ಇಂಜಿನಿಯರಿಂಗ್ ಓದಿದವಳು, ಒಂದು ಮಧ್ಯಾಹ್ನ ಸಾಕು.

ಹಳೆಯದೆಲ್ಲ ಬಂಗಾರ ಅಂತ ನಾನು ಹೇಳುತ್ತಿಲ್ಲ ಕಣಮ್ಮ. ನಮ್ಮಜ್ಜ ಕಪಿಲೆ ಹೊಡೆಯುತ್ತಿದ್ದರು. ಚರ್ಮದ ಚೀಲ, ಹಗ್ಗ, ರಾಟೆ ಯಾವುದು ಹರಿದರೂ ಮುರಿದರೂ ಊರೊಳಗೇ ಸರಿಯಾಗುತ್ತಿತ್ತು. ಆದರೆ ದಿನವಿಡೀ ಎತ್ತು ಹಿಂದೆ ಮುಂದೆ ನಡೆದು ನೆನೆಸುತ್ತಿದ್ದ ನೆಲ ಎಷ್ಟು? ಅಂಗೈ ಅಗಲ. ಆಮೇಲೆ ಬಂದ ಆಯಿಲ್ ಇಂಜಿನ್ನು ಇಂಗ್ಲೆಂಡಿನ ಲಿಸ್ಟರ್ ಮಾದರಿ. ನಿಮಿಷಕ್ಕೆ 650 ಸುತ್ತು, ದೊಡ್ಡ ಭಾಗಗಳು, ಸ್ಪ್ಯಾನರು ಸಲೀಸಾಗಿ ಹೋಗುವಷ್ಟು ಜಾಗ. ರಾಜ್‌ಕೋಟಿನ ಫೌಂಡ್ರಿಗಳು ಅದೇ ಅಳತೆಯಲ್ಲಿ ಎರಕ ಹೊಯ್ದು ದೇಶದ ತುಂಬ ಕಳಿಸಿದವು. ಬಿಡಿಭಾಗ ಸಿಗಲಿಲ್ಲ ಅನ್ನುವ ಮಾತೇ ಇರಲಿಲ್ಲ. ಆದರೆ ಹ್ಯಾಂಡಲ್ ತಿರುಗಿಸುವಾಗ ಅದು ಹಿಂದಕ್ಕೆ ಹೊಡೆದರೆ ಮಣಿಕಟ್ಟು ಮುರಿಯುತ್ತಿತ್ತು. ಹೊಗೆ, ಸದ್ದು, ಡೀಸೆಲ್ ಖರ್ಚು ಬೇರೆ. ಅವು ಹೋದದ್ದಕ್ಕೆ ನಾನು ಅಳುವುದಿಲ್ಲ.

ರಿಪೇರಿಗೂ ಮಿತಿ ಇದೆ, ಅದನ್ನೂ ಹೇಳಿಬಿಡಬೇಕು. ಹಳೆ ವೈಂಡಿಂಗ್ ಬೇಗ ಕೀಳಲಿ ಅಂತ ಕೆಲವರು ಸ್ಟೇಟರಿಗೆ ಬೆಂಕಿ ಹಚ್ಚುತ್ತಾರೆ. ತೆಳುವಾದ ತಗಡುಗಳ ನಡುವಿನ ಇನ್ಸುಲೇಷನ್ ಆಗ ಸುಟ್ಟುಹೋಗುತ್ತದೆ, ಹೊಸ ತಾಮ್ರ ಕಟ್ಟಿದರೂ ಆ ಮೋಟರು ಬಿಸಿಯಾಗುತ್ತದೆ, ಮೊದಲಿಗಿಂತ ಹೆಚ್ಚು ಕರೆಂಟು ತಿನ್ನುತ್ತದೆ. ರೈತರಿಗೆ 10 ಎಚ್‌ಪಿವರೆಗೆ ಬಿಲ್ಲು ಇಲ್ಲ, ಆದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಮತ್ತೆ ಮತ್ತೆ ಸುಟ್ಟು ಕಟ್ಟಿಸಿದ ಮೋಟರನ್ನು ಬಿಟ್ಟು ಹೊಸದು ತರುವುದೇ ಸರಿ. ಬೆಂಕಿ ಹಚ್ಚದೆ, ಕತ್ತರಿಸಿ ಕೀಳುವವನ ಹತ್ತಿರವೇ ಕಟ್ಟಿಸು, ಮೊದಲೇ ಕೇಳು.

ಈಗ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸಿದ ಸಾಲಿಗೆ ಬರುತ್ತೇನೆ. ಕೊಟೇಶನ್ನಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿದೆ: ಕಂಟ್ರೋಲರ್ ಕೆಲಸ ಮಾಡಲು ಕಂಪನಿಯ ಸರ್ವರ್ ಜೊತೆ ಸಂಪರ್ಕ ಇರಬೇಕು, ವರ್ಷಕ್ಕೊಮ್ಮೆ ಚಂದಾ ಕಟ್ಟಬೇಕು.

ನನ್ನ ಅಂಗಡಿಯ ಪಕ್ಕದ ಟರ್ನಿಂಗ್ ಶಾಪಿನಲ್ಲಿ ಒಂದು ಮೈಸೂರು ಕಿರ್ಲೋಸ್ಕರ್ ಲೇತ್ ಇದೆ. ನೀನೂ ನೋಡಿದ್ದೀಯ, ಚಿಕ್ಕವಳಿದ್ದಾಗ ಅಲ್ಲಿ ಬೀಳುವ ಕಬ್ಬಿಣದ ಸುರುಳಿ ಆರಿಸಿಕೊಳ್ಳುತ್ತಿದ್ದೆ. ಆ ಕಂಪನಿ 1941ರಲ್ಲಿ ಹರಿಹರದಲ್ಲಿ ಶುರುವಾಯಿತು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು, ಆ ನೋವು ಹರಿಹರದವರಿಗೆ ಇನ್ನೂ ಹೋಗಿಲ್ಲ. ಆದರೆ ಲೇತ್ ಇವತ್ತು ಬೆಳಗ್ಗೆಯೂ ಪಂಪಿನ ಶಾಫ್ಟ್ ಕಡೆಯುತ್ತಿತ್ತು. ಗೇರ್ ಸವೆದರೆ ಇನ್ನೊಂದು ಕಡೆದು ಹಾಕುತ್ತಾರೆ, ಬೆಲ್ಟ್ ಹೋದರೆ ತುಮಕೂರಿನಿಂದ ತರುತ್ತಾರೆ. ತಯಾರಿಸಿದವರು ಇಲ್ಲ ಅನ್ನುವುದು ಅದರ ಕೆಲಸಕ್ಕೆ ಅಡ್ಡಿಯಾಗಿಲ್ಲ.

ಇದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ನೋಡು. ಅಮೆರಿಕದಲ್ಲಿ ರಿವಾಲ್ವ್ ಅಂತ ಒಂದು ಪೆಟ್ಟಿಗೆ ಮಾರುತ್ತಿದ್ದರು, ಮನೆಯ ದೀಪ, ಬೀಗ ಇತ್ಯಾದಿಗಳನ್ನು ಫೋನಿನಿಂದ ಆಡಿಸಲು. ಗೂಗಲ್ ಬಳಗದ ನೆಸ್ಟ್ ಕಂಪನಿ 2014ರಲ್ಲಿ ಅದನ್ನು ಕೊಂಡು, 2016ರಲ್ಲಿ ಸರ್ವರ್ ನಿಲ್ಲಿಸಿಬಿಟ್ಟಿತು. ಜನರ ಮನೆಯಲ್ಲಿದ್ದ ಪೆಟ್ಟಿಗೆಗೆ ಗೀರು ಕೂಡ ಬಿದ್ದಿರಲಿಲ್ಲ, ಆದರೂ ಅದು ಅವತ್ತಿನಿಂದ ಉಪಯೋಗಕ್ಕೆ ಬಾರದ್ದಾಯಿತು. ಮನೆಯ ದೀಪವಾದರೆ ಎದ್ದು ಹೋಗಿ ಸ್ವಿಚ್ ಹಾಕಬಹುದು. ಮಾರ್ಚ್ ಬಿಸಿಲಿನಲ್ಲಿ ಅಡಿಕೆ ತೋಟಕ್ಕೆ ಹದಿನೈದು ದಿನ ನೀರು ತಪ್ಪಿದರೆ ಹಿಂಗಾರ ಒಣಗಿ ಹರಳು ಉದುರುತ್ತದೆ, ಆ ವರ್ಷದ ಫಸಲು ಹೋದಂತೆಯೇ. ಎಳೆ ಸಸಿಯಾದರೆ ಗಿಡವೇ ಹೋಗುತ್ತದೆ. ಸರ್ವರ್ ಯಾವ ಊರಿನಲ್ಲಿದೆ ಅಂತಲೂ ಗೊತ್ತಿಲ್ಲದ ಒಂದು ಕಂಪನಿಯ ಲಾಭ ನಷ್ಟಕ್ಕೆ ನಮ್ಮ ತೋಟದ ನೀರನ್ನು ಕಟ್ಟಿಹಾಕಬಾರದು.

ಕೊಟೇಶನ್ ಕೊಟ್ಟವರಿಗೆ ಫೋನ್ ಮಾಡಿ ಕೇಳು. ನೆಟ್‌ವರ್ಕ್ ಇಲ್ಲದೆ, ಚಂದಾ ಕಟ್ಟದೆ ಇದು ಟೈಮರ್ ಪ್ರಕಾರವಾದರೂ ನಡೆಯುತ್ತದಾ? ಬೋರ್ಡು ಹೋದರೆ ಬಿಡಿಯಾಗಿ ಕೊಡುತ್ತೀರಾ, ಇಡೀ ಡಬ್ಬಿ ಕೊಳ್ಳಬೇಕಾ? ಸರ್ಕ್ಯೂಟ್ ಡಯಾಗ್ರಮ್ ಕೊಡುತ್ತೀರಾ? ಕೆಲವು ಕಂಪನಿಯವರು ಬೋರ್ಡಿನ ಮೇಲೆ ರಾಳ ಸುರಿದು ಗಟ್ಟಿ ಮಾಡಿರುತ್ತಾರೆ. ಇರುವೆ, ಹಲ್ಲಿ, ತೇವ ಒಳಗೆ ಹೋಗದ ಹಾಗೆ ಮಾಡುವುದಕ್ಕೆ ಅದು ಒಳ್ಳೆಯದೇ. ಹಲ್ಲಿ ಹೊಕ್ಕು ಶಾರ್ಟ್ ಆದ ಸ್ಟಾರ್ಟರುಗಳಿಗೆ ಲೆಕ್ಕವಿಲ್ಲ. ಆದರೆ ಆ ರಾಳದೊಳಗೆ ಯಾವ ಮೆಕ್ಯಾನಿಕ್ಕೂ ಕೈ ಹಾಕಲಾರ. ಅಂಥದ್ದು ಕೊಳ್ಳುವುದಾದರೆ ಒಂದು ಹೆಚ್ಚುವರಿ ಬೋರ್ಡನ್ನು ಅವತ್ತೇ ಕೊಂಡು ಬೀರುವಿನಲ್ಲಿಡು. ಸರಿಯಾಗಿ ಉತ್ತರ ಕೊಡುವವರ ಹತ್ತಿರ ವ್ಯಾಪಾರ ಮಾಡು, ನಾಲ್ಕು ಕಾಸು ಹೆಚ್ಚಾದರೂ ಚಿಂತೆಯಿಲ್ಲ.

ಹೀಗೆ ಕೇಳುವುದಕ್ಕೆ ಸಂಕೋಚ ಬೇಡ. ಅಮೆರಿಕದ ರೈತರು ತಮ್ಮ ಟ್ರ್ಯಾಕ್ಟರನ್ನು ತಾವೇ ರಿಪೇರಿ ಮಾಡಿಕೊಳ್ಳುವ ಹಕ್ಕಿಗಾಗಿ ವರ್ಷಗಟ್ಟಲೆ ಗುದ್ದಾಡಿದ್ದಾರೆ. ಕೊಲೊರಾಡೊ ರಾಜ್ಯ 2023ರಲ್ಲಿ ಕಾನೂನು ಮಾಡಿತು. 2024ರ ಜನವರಿಯಿಂದ ಅಲ್ಲಿ ಕೃಷಿ ಯಂತ್ರ ಮಾಡುವವರು ಬಿಡಿಭಾಗ, ಕೈಪಿಡಿ, ಸಾಫ್ಟ್‌ವೇರನ್ನು ರೈತರಿಗೂ ಹೊರಗಿನ ಮೆಕ್ಯಾನಿಕ್ಕುಗಳಿಗೂ ಕೊಡಬೇಕು. ನಮ್ಮಲ್ಲೂ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಮೊದಲು ಕೈಗೆತ್ತಿಕೊಂಡ ನಾಲ್ಕು ವಿಭಾಗದಲ್ಲಿ ಕೃಷಿ ಉಪಕರಣವನ್ನೂ ಸೇರಿಸಿತು. ಅದೇ ವರ್ಷ ಡಿಸೆಂಬರಿನಲ್ಲಿ ಒಂದು ಪೋರ್ಟಲನ್ನೂ ತೆರೆಯಿತು. ಕಾನೂನು ಬರಲಿ, ಬೇಡ ಅನ್ನುವುದಿಲ್ಲ. ಅಲ್ಲಿಯವರೆಗೆ ಕೊಳ್ಳುವ ಮುಂಚೆ ಕೇಳುವ ಬಾಯಿಯೇ ನಮಗಿರುವ ಬಲ.

ಸೆನ್ಸರ್ ಬಗ್ಗೆ ಕೇಳಿದ್ದೀಯ. ನಮ್ಮಲ್ಲಿ ಕರೆಂಟು ಬಂತೆಂದರೆ ನೀರು ಬಿಡುವುದೇ ರೂಢಿ, ಮಣ್ಣಿಗೆ ಬೇಕೋ ಬೇಡವೋ ನೋಡುವವರು ಕಡಿಮೆ. ಅದನ್ನು ತಡೆಯುವ ಯಾವುದಾದರೂ ಒಳ್ಳೆಯದೇ, ಅಂತರ್ಜಲಕ್ಕೆ ಅಷ್ಟು ಉಪಕಾರ. ಆದರೆ ಮೊದಲ ವರ್ಷ ಟೆನ್ಸಿಯೋಮೀಟರ್ ಇಟ್ಟು ನೋಡು. ತುದಿಯಲ್ಲಿ ಸುಟ್ಟ ಮಣ್ಣಿನ ಬಟ್ಟಲಿರುವ ಒಂದು ಕೊಳವೆ, ಒಳಗೆ ನೀರು, ಮೇಲೆ ಒಂದು ಗೇಜು. ಮಣ್ಣು ಒಣಗಿದಂತೆ ನೀರನ್ನು ಎಳೆಯುತ್ತದೆ, ಮುಳ್ಳು ಏರುತ್ತದೆ. ಕರೆಂಟು ಬೇಡ, ಸಿಮ್ ಬೇಡ, ಆಗಾಗ ನೀರು ತುಂಬಿಸಿದರೆ ಆಯಿತು. ತೋಟದ ಮೇಲಿನ ಮೂಲೆಯಲ್ಲಿ ಒಂದು, ತಗ್ಗಿನಲ್ಲಿ ಒಂದು ನೆಟ್ಟು, ಮುಳ್ಳು ಎಲ್ಲಿದ್ದಾಗ ಮಣ್ಣು ಕೈಗೆ ಹೇಗೆ ಹತ್ತುತ್ತದೆ ಅಂತ ಹಿಡಿದು ನೋಡುತ್ತಾ ಬಾ. ನಿನ್ನ ತೋಟ ನಿನಗೆ ಅರ್ಥವಾದ ಮೇಲೆ ಎಲೆಕ್ಟ್ರಾನಿಕ್ ಸೆನ್ಸರ್ ಹಾಕಿದರೆ, ಅದು ತಪ್ಪು ಹೇಳಿದ ದಿನ ನಿನಗೆ ತಿಳಿಯುತ್ತದೆ. ಇದರ ಜೊತೆಗೆ ಇನ್ನೊಂದು ಮಾತು: ಸರ್ಕಾರದ ಕುಸುಮ್ ಯೋಜನೆಯ ಸೋಲಾರ್ ಪಂಪು ಸಿಕ್ಕರೆ ಬಿಡಬೇಡ, ರಾತ್ರಿ ಪಾಳಿಯ ಕಾಟವೇ ತಪ್ಪುತ್ತದೆ. ಮೋಟರು ಎಸಿಯೋ ಡಿಸಿಯೋ, ಎಸಿಯಾದರೆ ಯಾವ ವೋಲ್ಟೇಜಿನದು ಅನ್ನುವುದನ್ನು ಮಾತ್ರ ಮೊದಲೇ ತಿಳಿದುಕೊ. ಲೈನ್ ಕರೆಂಟಿಗೂ ಹೊಂದುವಂಥದ್ದಾದರೆ ಕಂಟ್ರೋಲರ್ ಕೆಟ್ಟ ವಾರ ಅದೇ ಮೋಟರನ್ನು ಹಳೆ ಸ್ಟಾರ್ಟರಿನಿಂದ ಓಡಿಸಬಹುದು.

ಲಿಸಾನ್ ಬೈನ್‌ಬ್ರಿಜ್ ಅನ್ನುವ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞೆ 1983ರಲ್ಲೇ ಒಂದು ವಿಷಯ ಬರೆದಿದ್ದರು. ಸಲೀಸಾದ ಕೆಲಸವನ್ನೆಲ್ಲ ಯಂತ್ರ ಮಾಡುತ್ತಿದ್ದರೆ ಮನುಷ್ಯನ ಕೈಗೆ ರೂಢಿ ತಪ್ಪುತ್ತದೆ. ಯಂತ್ರ ಕೈಕೊಡುವುದು ಕಷ್ಟದ ಹೊತ್ತಿನಲ್ಲೇ. ಆಗ ರೂಢಿ ತಪ್ಪಿದ ಅದೇ ಮನುಷ್ಯ ಮುಂದೆ ಬಂದು ಎಲ್ಲ ಸರಿಮಾಡಬೇಕು. ದೊಡ್ಡ ಕಾರ್ಖಾನೆಗಳ ಕಂಟ್ರೋಲ್ ರೂಮುಗಳನ್ನು ನೋಡಿ ಅವರು ಹೇಳಿದ ಮಾತು ನಮ್ಮ ಪಂಪ್‌ಹೌಸಿಗೂ ಅಕ್ಷರ ಅಕ್ಷರ ಹೊಂದುತ್ತದೆ. ತಿಂಗಳಿಗೊಂದು ದಿನ ಚೇಂಜ್ ಓವರನ್ನು ಕೈಗೆ ತಿರುಗಿಸಿ, ಇಡೀ ತೋಟಕ್ಕೆ ನೀನೇ ನೀರು ಬಿಡು. ಬೈಪಾಸ್ ವಾಲ್ವ್‌ಗಳು ಬಿಗಿದುಕೊಳ್ಳದೆ ಸಡಿಲವಾಗಿರುತ್ತವೆ, ಪಾಯಿಂಟುಗಳಿಗೆ ಕಿಲುಬು ಹಿಡಿಯುವುದಿಲ್ಲ, ನಿನ್ನ ಕೈಗೂ ಮರೆವು ಬರುವುದಿಲ್ಲ. ಆವತ್ತು ಆಂಪಿಯರ್ ಮೀಟರಿನ ಮುಳ್ಳು ಎಲ್ಲಿ ನಿಂತಿತು ಅಂತ ಬರೆದಿಡು. ಮೋಟರು ಕೆಡುವ ಮುಂಚೆ ಆ ಮುಳ್ಳು ಹೇಳಿಯೇ ಹೇಳುತ್ತದೆ.

ಕೊನೆಗೆ, ನನ್ನ ಅಂಗಡಿಯ ಹುಡುಗನ ವಿಷಯ. ಈಗ ಅವನೇ ಅಂಗಡಿ ನೋಡಿಕೊಳ್ಳುತ್ತಿದ್ದಾನೆ, ಕೈ ನನ್ನದಕ್ಕಿಂತ ಶುದ್ಧ. ಆದರೆ ಕೆಟ್ಟ ಮೋಟರನ್ನು ಗುಜರಿಗೆ ಹಾಕಿ ಹೊಸದು ತರುವುದು ಹೆಚ್ಚಾಗಿ, ಮೊದಲಿನಷ್ಟು ಕೆಲಸ ಇಲ್ಲ. ಬೆಂಗಳೂರಿನ ಫ್ಯಾಕ್ಟರಿಗೆ ಹೋಗಿಬಿಡಲಾ ಅಂತ ಕೇಳುತ್ತಿದ್ದಾನೆ. ಅವನು ಹೋದರೆ ಗುಬ್ಬಿ ಸುತ್ತ ಬೆಂಕಿ ಹಚ್ಚದೆ ಮೋಟರು ಕಟ್ಟುವ ಕೈ ನನಗೆ ಗೊತ್ತಿರುವಂತೆ ಇನ್ನೊಂದಿಲ್ಲ. ರಿಪೇರಿ ಆಗುವ ಯಂತ್ರ ಕೊಂಡೂ ರಿಪೇರಿ ಮಾಡುವವನು ಊರಿನಲ್ಲಿ ಉಳಿಯದಿದ್ದರೆ ಏನು ಪ್ರಯೋಜನ? ನಿನ್ನ ಹೊಸ ವ್ಯವಸ್ಥೆ ಕೂರಿಸುವ ದಿನ ಕಂಪನಿಯವರ ಜೊತೆ ಅವನನ್ನೂ ನಿಲ್ಲಿಸು, ದಿನದ ಕೂಲಿ ಕೊಡು, ವೈರಿಂಗ್ ಅವನ ಕೈಯಲ್ಲೇ ಮಾಡಿಸು. ಮುಂದೆ ವರ್ಷಕ್ಕೆರಡು ಸಲ ಅವನೇ ಬಂದು ನೋಡುವಂತೆ ಮಾತಾಡಿಕೊ, ನಿನ್ನ ಹಾಗೆ ಊರಿಗೆ ವಾಪಸ್ಸು ಬಂದಿರುವ ನಾಲ್ಕು ಮನೆಯವರಿಗೂ ಹೇಳು. ಅಷ್ಟು ಕೆಲಸ ಖಾತ್ರಿಯಾದರೆ ಅವನು ಉಳಿಯುತ್ತಾನೆ.

ಮುಂದಿನ ಸಲ ಮೋಟರು ಎತ್ತಿದಾಗ ಬೆಂಚಿನ ಹತ್ತಿರ ನೀನೂ ನಿಂತಿರು. ಎಷ್ಟು ಸ್ಲಾಟು, ಒಂದೊಂದು ಸುರುಳಿಗೆ ಎಷ್ಟು ಸುತ್ತು, ತಂತಿ ಯಾವ ಗೇಜು, ಕನೆಕ್ಷನ್ ಸ್ಟಾರೋ ಡೆಲ್ಟಾವೋ ಅಂತ ಅವನು ಹೇಳುತ್ತಾನೆ. ಬೋರಿನ ಆಳ ಎಷ್ಟು, ಪಂಪು ಎಷ್ಟು ಅಡಿಗೆ ಬಿಟ್ಟಿದೆ, ಒಳಗೆ ಎಷ್ಟು ಪೈಪು, ಯಾವ ಸೈಜಿನ ಕೇಬಲ್ ಅನ್ನುವುದನ್ನೂ ಸೇರಿಸಿ, ಎಲ್ಲವನ್ನೂ ಸ್ಟಾರ್ಟರ್ ಡಬ್ಬಿಯ ಬಾಗಿಲಿನ ಒಳಬದಿಗೆ ಪೇಂಟಿನಲ್ಲಿ ಬರೆಸು. ಫೋನಿನಲ್ಲಿ ಬರೆದಿಟ್ಟರೆ ನೀನು ಊರಿನಲ್ಲಿಲ್ಲದ ದಿನ ನಿಮ್ಮಪ್ಪನಿಗೆ ಸಿಗುವುದಿಲ್ಲ.

ನಿನ್ನ
ದೊಡ್ಡಪ್ಪ